ಪಾತ್ರೆ ಇಲ್ಲದ ಬೆಂಕಿ

ಬೈಕುಲ್ಲಾ ಸ್ಟೇಷನ್ನಿಗೆ ಹತ್ತಿರದ ಆ ಉಡುಪಿ ಹೊಟೇಲಿನ ಅಡಿಗೆಮನೆಯಲ್ಲಿ ಪಾತ್ರೆ ಇಲ್ಲದೆ ಒಲೆ ಉರಿಯುವಂತಿರಲಿಲ್ಲ. ಒಂದು ಪಾತ್ರೆ ಇಳಿಯಿತೆಂದರೆ ಇನ್ನೊಂದು ಏರಬೇಕು. ಏರಿಸಲು ಏನೂ ಇಲ್ಲದಿದ್ದರೆ ಒಂದು ಚೆರಿಗೆ ನೀರಾದರೂ ಕೂರಬೇಕು. ಅದೂ ಬೇಡವಾದರೆ ಕೆಂಡವನ್ನು ಹಿಂದಕ್ಕೆ ಎಳೆದು ಬೂದಿ ಮುಚ್ಚಬೇಕು. ಇದು ಅಲ್ಲಿಯ ಭಟ್ಟರ ಕಾನೂನು. ಹೊಸದಾಗಿ ಕೆಲಸಕ್ಕೆ ಬಂದವರು ಇದನ್ನು ಮರೆತರೆ ಭಟ್ಟರು ಬಯ್ಯುತ್ತಿರಲಿಲ್ಲ. ತಾವೇ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಂಡ ಎಳೆಯುತ್ತಿದ್ದರು. ನೋಡಿದವನಿಗೆ ಬಯ್ಗುಳಕ್ಕಿಂತ ಅದೇ ಹೆಚ್ಚಾಗುತ್ತಿತ್ತು.

ಅವರು ತೀರಿಕೊಂಡ ಸುದ್ದಿ ಕಳೆದ ತಿಂಗಳು ಅವರ ಮಗಳ ಪತ್ರದಿಂದ ತಿಳಿಯಿತು. ಪತ್ರದ ಕೊನೆಯಲ್ಲಿ ಆಕೆ ಒಂದು ಪ್ರಶ್ನೆ ಕೇಳಿದ್ದಾಳೆ. ಅದಕ್ಕೆ ಉತ್ತರ ಬರೆಯಲು ಕೂತವನಿಗೆ ಒಂದು ಸಾಲಿನಲ್ಲಿ ಮುಗಿಸಲಾಗಲಿಲ್ಲ. ಅದಕ್ಕೇ ಇದೆಲ್ಲ.

ನಾನು ಆಗ ಬೈಕುಲ್ಲಾದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಧಾರವಾಡದ ಕಡೆಯವನು, ಇರುವುದು ಮಲಾಡಿನ ಒಂದು ಚಾಳಿನಲ್ಲಿ. ಶಾಲೆ ಬಿಟ್ಟ ಮೇಲೆ ಲೋಕಲ್ಲಿನ ಗರ್ದಿ ತಗ್ಗುವವರೆಗೆ ಆ ಹೊಟೇಲಿನಲ್ಲಿ ಕೂರುವುದು ಅಭ್ಯಾಸವಾಗಿತ್ತು. ಅಡಿಗೆಮನೆಯ ಬಾಗಿಲಿಗೆ ಹತ್ತಿದ ಮೂಲೆಯ ಮೇಜು ನನ್ನದು. ಅಲ್ಲಿಂದ ಭಟ್ಟರು ಕಾಣುತ್ತಿದ್ದರು. ಸಣ್ಣ ಆಳು, ಸೊಂಟಕ್ಕೆ ಬಿಗಿದ ಪಂಚೆ, ಎಡ ಮುಂಗೈಯ ಮೇಲೆ ಎಣ್ಣೆ ಸಿಡಿದು ಆದ ಬಿಳಿಯ ಚುಕ್ಕೆಗಳು. ಬೆಳಿಗ್ಗೆ ಮೊದಲ ಹಂಡೆ ಏರಿಸುವ ಮುಂಚೆ ಮೂರು ಕಾಳು ಅಕ್ಕಿಯನ್ನು ಬೆಂಕಿಗೆ ಹಾಕಿ, "ಇವತ್ತಿಂದು ಶುರು ಮಾಡುವಾ" ಎಂದು ಒಲೆಗೇ ಹೇಳುತ್ತಿದ್ದರಂತೆ. ಇದನ್ನು ಹೊಟೇಲಿನ ಮಾಲೀಕರು ನನಗೆ ನಗುತ್ತ ಹೇಳಿದ್ದರು. ಭಟ್ಟರು ಮಾತ್ರ ನಗುತ್ತಿರಲಿಲ್ಲ.

"ಏನ್ರಿ ಭಟ್ರ, ಒಲಿ ಜೋಡಿ ಮಾತಾಡ್ತೀರಂತಲ್ಲ?" ಎಂದು ಒಮ್ಮೆ ಕೆಣಕಿದೆ.

"ಮತ್ತೆಂತ ಮಾಷ್ಟ್ರೆ, ದಿನವಿಡೀ ಅದರ ಜೊತೆ ಇರುವುದು. ನಿಮ್ಮ ಹತ್ರ ಕಾಲು ಗಂಟೆ ಮಾತಾಡ್ತೇನೆ, ಅದರ ಹತ್ರ ಮಾತಾಡ್ಬಾರ್ದಾ?"

ನನ್ನ ಜೀವನದಲ್ಲಿ ನಾನು ಕಲಿತ ಅತ್ಯಂತ ಗಟ್ಟಿ ಪಾಠ ಆ ಅಡಿಗೆಮನೆಯದು, ಡಿಗ್ರಿ ಕಾಲೇಜಿನದಲ್ಲ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಭಟ್ಟರು ಕೈ ಒರೆಸಿಕೊಳ್ಳುತ್ತ ನನ್ನೆದುರು ಬಂದು ಕೂತರು. "ಮಾಷ್ಟ್ರೆ, ನೀವು ಸೈನ್ಸ್ ಕಲಿಸುವುದಲ್ವಾ? ಒಲೆಯ ಹೊಗೆ ಕಡೆಗೆ ಎಲ್ಲಿಗೆ ಹೋಗ್ತದೆ?"

ನಾನು ಕಾಫಿ ಕುಡಿಯುತ್ತಲೇ ಹೇಳಿದೆ: "ಎಲ್ಲಿ ಹೋಗ್ತದ್ರಿ, ಗಾಳ್ಯಾಗ ಕೂಡಿ ಮಾಯ ಆಗ್ತದ."

ಭಟ್ಟರು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಚಪ್ಪಲಿ ಬಿಡಿಸಿ, ಅಟ್ಟದ ಏಣಿ ಹತ್ತಿಸಿ, ಸಟ್ಟುಗ ಕೊಟ್ಟು, "ಮೇಲೆ ಕೆರೆಯಿರಿ" ಎಂದರು. ಕೆರೆದೆ. ಭಟ್ಟರು ಮಾಡು ಎನ್ನುತ್ತಿದ್ದ ಸೂರಿನಿಂದ ಬೆರಳು ದಪ್ಪದ ಕಪ್ಪು ಪದರ ಎದ್ದು ನನ್ನ ಬಿಳಿ ಅಂಗಿಯ ಮೇಲೆ ಬಿತ್ತು. ಅದರ ಕೆಳಗೆ ಇನ್ನೊಂದು ಪದರ, ಕಲ್ಲಿನಷ್ಟು ಗಟ್ಟಿ.

"ಮೇಲಿಂದು ನನ್ನದು," ಎಂದರು ಭಟ್ಟರು ಕೆಳಗೆ ನಿಂತು. "ಒಳಗಿಂದು ನನಗಿಂತ ಮುಂಚೆ ಇದ್ದ ಭಟ್ರದ್ದು. ಅವರು ಸತ್ತು ಹೋದ್ರು, ಅವರು ಮಾಡಿದ ಸಾಂಬಾರು ಜನ ಉಂಡು ಹೋದ್ರು. ಅವರ ಹೊಗೆ ಇಲ್ಲೇ ಉಂಟು. ಯಾವುದು ಮಾಯ ಆಯ್ತು, ಹೇಳಿ."

ಏಣಿಯ ಮೇಲೆ ನಿಂತಲ್ಲೇ ಇನ್ನೊಮ್ಮೆ ಕೆರೆದು ನೋಡಿದೆ. ದ್ರವ್ಯ ನಾಶವಾಗುವುದಿಲ್ಲ ಎಂದು ನಾನು ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟ ವಾಕ್ಯವನ್ನು ಒಬ್ಬ ಅಡಿಗೆಯವರು ಸಟ್ಟುಗದಲ್ಲಿ ಕೆರೆದು ತೋರಿಸಿಬಿಟ್ಟಿದ್ದರು.

ಅವರ ಇನ್ನೊಂದು ಕಾನೂನು ಕರಿದ ಎಣ್ಣೆಯದು. ಬೋಂಡಾ ಕರಿದು ಕಪ್ಪಾದ ಶೇಂಗಾ ಎಣ್ಣೆಯನ್ನು ಮೋರಿಗೆ ಸುರಿಯುವಂತಿಲ್ಲ. ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬಿ, ಬಾಯಿ ಕಟ್ಟಿ, ಹಿತ್ತಲಲ್ಲಿ ಸಾಲಾಗಿ ಇಡಬೇಕು. ಪಕ್ಕದ ಓಣಿಯ ಸಾಬೂನು ಮಾಡುವವನು ಬಂದು ಒಯ್ಯುತ್ತಿದ್ದ. ಯಾವುದೋ ಒಂದು ಮಳೆಗಾಲದಲ್ಲಿ ಯಾರೋ ಸುರಿದ ಎಣ್ಣೆ ಮೋರಿಯಲ್ಲಿ ಹೆಪ್ಪುಗಟ್ಟಿ, ಹಿಂದಿನ ಚಾಳಿನ ಮನೆಗಳೊಳಗೆ ನೀರು ನುಗ್ಗಿತ್ತಂತೆ. ಅಂದಿನಿಂದ ಈ ಪದ್ಧತಿ. "ನೀರಿಗೆ ಬಿದ್ದ ಎಣ್ಣೆ ಮತ್ತೆ ಕರೆದ್ರೆ ಬರುದಿಲ್ಲ ಮಾಷ್ಟ್ರೆ" ಎನ್ನುತ್ತಿದ್ದರು. ಕೈಗೆ ಹತ್ತಿದ ಎಣ್ಣೆಗೆ ಮಾತ್ರ ಅವರಲ್ಲಿ ಮದ್ದಿತ್ತು: ಸೊಂಟದಲ್ಲಿ ಸದಾ ಒಂದು ಸಣ್ಣ ಪೊಟ್ಟಣ ಕಡಲೆಹಿಟ್ಟು.

ಮುಂಬಯಿಯ ಕಡಲಿನಲ್ಲಿ ಎಣ್ಣೆ ಸಿಕ್ಕಿತೆಂಬ ಸುದ್ದಿ ಬಂದಾಗ ನಾವೆಲ್ಲ ಸೀಮೆಎಣ್ಣೆಯ ಕ್ಯೂನಲ್ಲಿ ನಿಂತು ನಿಂತು ಸೋತಿದ್ದೆವು. ಮಲಾಡಿನ ರೇಶನ್ ಅಂಗಡಿಯ ಮುಂದೆ ಡಬ್ಬಿ ಹಿಡಿದು ಅರ್ಧ ಆದಿತ್ಯವಾರ ಕಳೆಯುತ್ತಿದ್ದ ನನಗೆ, ಇನ್ನು ಈ ಪೀಡೆ ಮುಗಿಯಿತು ಅನಿಸಿತು. ಹೊಟೇಲಿನ ಮಾಲೀಕರು ಅಂದು ಎಲ್ಲರಿಗೂ ಪುಕ್ಕಟೆ ಶಿರಾ ಹಂಚಿದರು. ಶಿರಾ ಮಾಡಿದವರು ಭಟ್ಟರೇ. ಸಂತೋಷಪಟ್ಟವರಲ್ಲಿ ಅವರೂ ಒಬ್ಬರು. ಇದನ್ನು ಹೇಳಲೇಬೇಕು, ಏಕೆಂದರೆ ಅವರು ಎಣ್ಣೆಯ ವೈರಿಯೇನೂ ಆಗಿರಲಿಲ್ಲ.

ಸ್ವಲ್ಪ ದಿನಗಳಲ್ಲಿ, ಕಡಲು ಕೊರೆಯುವ ಒಂದು ಹಡಗಿನ ಊಟದ ಗುತ್ತಿಗೆ ಹಿಡಿದಿದ್ದ ಕಂಪೆನಿಯವರು ಸಸ್ಯಾಹಾರದ ಅಡಿಗೆಯವರನ್ನು ಹುಡುಕಿಕೊಂಡು ಬಂದರು. ಹದಿನಾಲ್ಕು ದಿನ ಕಡಲಲ್ಲಿ, ಹದಿನಾಲ್ಕು ದಿನ ದಡದಲ್ಲಿ. ಭಟ್ಟರು ಒಪ್ಪಿಕೊಂಡದ್ದು ಎಲ್ಲರಿಗೂ ಆಶ್ಚರ್ಯ.

"ಸಮುದ್ರ ದಾಟಿದ್ರ ಊರಾಗ ಏನಂತಾರ್ರೀ ಭಟ್ರ?" ಎಂದೆ.

"ದಾಟುದೆಲ್ಲಿ ಮಾರಾಯ್ರೆ, ನಡುವಿಗೆ ಹೋಗಿ ನಿಲ್ಲುದಷ್ಟೆ."

ನಿಜವಾದ ಕಾರಣ ಆಮೇಲೆ ತಿಳಿಯಿತು. ಭಟ್ಟರ ಹೆಂಡತಿ ಮತ್ತು ಮಗಳು ಉಡುಪಿಯ ಹತ್ತಿರದ ಹಳ್ಳಿಯಲ್ಲಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷ. ಅದರಲ್ಲಿ ಒಟ್ಟಿಗೆ ಬಾಳಿದ್ದು ವರ್ಷಕ್ಕೊಂದು ತಿಂಗಳು. ಮುಂಬಯಿಯಲ್ಲಿ ಭಟ್ಟರ ಮನೆಯೆಂದರೆ ಹೊಟೇಲಿನ ಅಟ್ಟ. ಕಂಪೆನಿಯಲ್ಲಿ ಕೆಲಸ ಪರ್ಮನೆಂಟ್ ಆದರೆ ದಹಿಸರಿನ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ ಕೊಡುತ್ತೇವೆ ಎಂದಿದ್ದರು. ಭಟ್ಟರು ಒಂದು ದಿನ ದಹಿಸರಿಗೆ ಹೋಗಿ ಆ ಬಿಲ್ಡಿಂಗನ್ನು ಹೊರಗಿನಿಂದ ನೋಡಿಕೊಂಡು ಬಂದರು. ಮೂರನೆಯ ಮಾಳಿಗೆ. ಪೂರ್ವಕ್ಕೆ ಕಿಟಕಿ. ಒಲೆ ಎಲ್ಲಿ ಇಡಬೇಕು, ನೀರಿನ ಹಂಡೆ ಎಲ್ಲಿ, ಹೆಂಡತಿ ಅಕ್ಕಿ ತೊಳೆಯುವಾಗ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದೆಲ್ಲ ನನ್ನ ಮೇಜಿನ ಮೇಲೆ ನೀರಿನಲ್ಲಿ ಗೆರೆ ಎಳೆದು ತೋರಿಸಿದರು. ಊರಿಗೂ ಬರೆದುಬಿಟ್ಟಿದ್ದರು: ಮನೆಯ ಕಾಗದ ಕೈಗೆ ಬಂದ ಕೂಡಲೇ ಹೊರಟು ಬನ್ನಿ.

ಹಡಗಿನಿಂದ ಮೊದಲ ಸಲ ಮರಳಿ ಬಂದಾಗ ಅವರ ಕೈಯಲ್ಲಿ ಟ್ರಂಕಿನ ಜೊತೆ ಎರಡು ಎಣ್ಣೆ ಡಬ್ಬಿಗಳಿದ್ದವು. ಕಡಲಿನ ನಡುವೆಯೂ ಕರಿದ ಎಣ್ಣೆಯನ್ನು ಸೋಸಿ, ಬಾಯಿ ಕಟ್ಟಿ, ಸಾಮಾನು ತರುವ ದೋಣಿಯಲ್ಲಿ ದಡಕ್ಕೆ ತಂದು, ಅಲ್ಲಿಂದ ಟ್ಯಾಕ್ಸಿಯವನ ಹತ್ತಿರ ಜಗಳವಾಡಿ ಬೈಕುಲ್ಲಾಕ್ಕೆ ತಂದಿದ್ದರು. ಸುತ್ತ ಕಣ್ಣು ಹಾಯುವಷ್ಟು ದೂರ ನೀರು, ಒಂದು ಬಕೆಟ್ ಎಣ್ಣೆ ಸುರಿದರೆ ಕೇಳುವವರಾರು? ಹಡಗಿನವರೂ ಇದನ್ನೇ ಹೇಳಿ ನಕ್ಕಿದ್ದರಂತೆ. ಮಾಂಸದ ಅಡಿಗೆ ನೋಡಿಕೊಳ್ಳುತ್ತಿದ್ದ ಗೋವೆಯ ಒಬ್ಬರು ಮಾತ್ರ ನಗದೆ, ತಮ್ಮ ಎಣ್ಣೆಯನ್ನೂ ಡಬ್ಬಿಗೆ ತುಂಬತೊಡಗಿದರಂತೆ.

"ಹಡಗು ಹೆಂಗದರಿ?" ಎಂದು ಕೇಳಿದೆ.

ಭಟ್ಟರು ಡಬ್ಬಿಗಳನ್ನು ಕೆಳಗಿಟ್ಟರು. "ದೊಡ್ಡದುಂಟು ಮಾಷ್ಟ್ರೆ. ಕಬ್ಬಿಣದ ಊರು. ಕಡಲಿನ ತಳಕ್ಕೆ ಹೋಗಿ, ಅದರ ಅಡಿಯ ಬಂಡೆ ಕೊರೆಯುದು ಅಂದ್ರೆ ತಮಾಷೆಯಾ? ಆ ಹುಡುಗ್ರ ಕೆಲಸ ನೋಡಿದ್ರೆ ಕೈ ಮುಗಿಬೇಕು. ಆದ್ರೆ ಒಂದು..." ಎಂದು ನಿಲ್ಲಿಸಿದರು. "ನನ್ನ ಅಡಿಗೆಮನೆಯಲ್ಲಿ ಬೆಂಕಿ ಇಲ್ಲ. ಎಲ್ಲ ಕರೆಂಟಿನ ಒಲೆ. ಕಡ್ಡಿ ಗೀರುವಂತಿಲ್ಲ. ಅಕ್ಕಿ ಕಾಳು ಹಾಕುದು ಎಲ್ಲಿಗೆ? ಹೊರಗೆ ನೋಡಿದ್ರೆ ಹಡಗಿನ ಬದಿಯಿಂದ ಉದ್ದಕ್ಕೆ ಒಂದು ಕೊಳವೆ, ಅದರ ತುದಿಯಲ್ಲಿ ತೆಂಗಿನಮರದಷ್ಟು ಎತ್ತರ ಬೆಂಕಿ. ಹಗಲಿಡೀ ಉರಿತದೆ. ಒಳಗೆ ಅಡಿಗೆಗೆ ಬೆಂಕಿ ಇಲ್ಲ, ಹೊರಗೆ ಬೆಂಕಿಗೆ ಅಡಿಗೆ ಇಲ್ಲ."

ಬಾವಿಯಲ್ಲಿ ಎಷ್ಟು ಎಣ್ಣೆ, ಎಷ್ಟು ಅನಿಲ ಇದೆಯೆಂದು ಅಳೆಯಲು ಹಾಗೆ ಸುಡುತ್ತಾರೆ, ಪರೀಕ್ಷೆಯ ಹೊತ್ತಿಗೆ ಅಲ್ಲಿ ತುಂಬಿಡಲು ಜಾಗವಿರುವುದಿಲ್ಲ ಎಂದು ನಾನು ವಿವರಿಸಿದೆ. ಭಟ್ಟರು ಶ್ರದ್ಧೆಯಿಂದ ಕೇಳಿದರು. ಕೊನೆಗೆ, "ಅದರ ಹೊಗೆಗೆ ಮಾಡು ಇಲ್ಲವಲ್ಲ ಮಾಷ್ಟ್ರೆ, ಎಲ್ಲಿ ಕೂರ್ತದೆ ಅದು?" ಎಂದರು. ನಾನು ಈ ಸಲ ಮಾಯವಾಗುತ್ತದೆ ಎನ್ನಲಿಲ್ಲ. ಗೊತ್ತಿಲ್ಲ ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಒಂದೂವರೆ ವರ್ಷ ಹೀಗೆ ನಡೆಯಿತು. ಹಡಗು ಅಲ್ಲಿ ಇಲ್ಲಿ ಕೊರೆಯುತ್ತ ಒಮ್ಮೆ ದಡಕ್ಕೆ ಎಂದಿಗಿಂತ ಹತ್ತಿರ ಬಂದಿತ್ತು. ಆಗಲೇ ಆದದ್ದು. ಭಟ್ಟರು ಡೆಕ್ಕಿನ ಮೇಲೆ ಪಂಚೆ ಒಣಹಾಕಿದ್ದರು. ಮಧ್ಯಾಹ್ನ ತೆಗೆಯಲು ಹೋದರೆ ಪಂಚೆಯ ತುಂಬ ಸಾಸಿವೆಯಷ್ಟು ದೊಡ್ಡ ಕಪ್ಪು ಚುಕ್ಕೆ. ತಲೆ ಎತ್ತಿ ನೋಡಿದರು. ಗಾಳಿ ತಿರುಗಿತ್ತು. ಕೊಳವೆಯ ತುದಿಯ ಬೆಂಕಿ ಕೆಂಪಾಗಿ, ಕುಗ್ಗಿ, ಕಡುಕಪ್ಪು ಹೊಗೆ ಉಗುಳುತ್ತಿತ್ತು. ಉರಿಯದೆ ಉಳಿದ ಎಣ್ಣೆ ಹನಿಹನಿಯಾಗಿ ಕಡಲಿಗೆ ಸುರಿಯುತ್ತಿತ್ತು. ನೀರಿನ ಮೇಲೆ ಗದ್ದೆಯಷ್ಟಗಲ ಜಿಡ್ಡು ಹರಡಿ ದಡದ ಕಡೆಗೆ ತೇಲುತ್ತಿತ್ತು. ಭಟ್ಟರು ಓಡಿಹೋಗಿ ಒಬ್ಬ ಅಧಿಕಾರಿಗೆ ಹೇಳಿದರು: "ಸಾಬ್, ಚೂಲಾ ಠೀಕ್ ಸೇ ನಹೀ ಜಲ್ ರಹಾ." ಒಲೆ ಸರಿಯಾಗಿ ಉರಿಯುತ್ತಿಲ್ಲ, ಗಾಳಿ ಸಾಲುತ್ತಿಲ್ಲ ಎಂದು. ಆತ, ನೀನು ನಿನ್ನ ಇಡ್ಲಿ ನೋಡಿಕೋ ಹೋಗು ಎಂದನಂತೆ. ಬೆಂಕಿಯನ್ನು ಆರಿಸಿದ್ದು ಸಂಜೆಯ ಹೊತ್ತಿಗೆ.

ಅದಾದ ಕೆಲವು ದಿನಕ್ಕೆ ಮಲಾಡಿನ ಕಡಲಂಚಿನ ಮೀನುಗಾರರು, ಮುಂಬಯಿಯ ಮೂಲ ನಿವಾಸಿಗಳಾದ ಕೋಳಿ ಜನ, ದೂರು ಕೊಟ್ಟರು. ಬಲೆಗಳಿಗೆ ಕಪ್ಪು ಜಿಡ್ಡು ಹತ್ತಿದೆ, ಬಿದ್ದ ಮೀನನ್ನು ಬೆಕ್ಕೂ ಮೂಸುತ್ತಿಲ್ಲ ಎಂದು. ವಿಚಾರಣೆ ಎಂದಾಯಿತು. ಭಟ್ಟರು ದಡಕ್ಕೆ ಬಂದದ್ದೇ, ಗುತ್ತಿಗೆ ಕಂಪೆನಿಯ ಒಬ್ಬ ಮನುಷ್ಯ ಟೈಪು ಮಾಡಿದ ಇಂಗ್ಲಿಷ್ ಕಾಗದವೊಂದನ್ನು ಹಿಡಿದು ಹೊಟೇಲಿಗೇ ಬಂದ. ಅದನ್ನು ಭಟ್ಟರು ನನ್ನ ಮುಂದೆ ಇಟ್ಟು, "ಓದಿ ಹೇಳಿ" ಎಂದರು.

ಓದಿದೆ. ಹಡಗಿನ ಅಡಿಗೆಮನೆಯ ಕರಿದ ಎಣ್ಣೆ ತನ್ನ ಕೈತಪ್ಪಿನಿಂದ ಹಲವು ಸಲ ಕಡಲಿಗೆ ಬಿದ್ದಿದೆ, ಬಲೆಗೆ ಹತ್ತಿರುವುದು ಅದೇ ಇರಬೇಕು ಎಂದು ಮುಖ್ಯ ಅಡಿಗೆಯವನ ಹೇಳಿಕೆ. ಕೆಳಗೆ ಸಹಿಗೆ ಜಾಗ. ಸಹಿ ಹಾಕಿದರೆ ಯಾವ ಶಿಕ್ಷೆಯೂ ಇಲ್ಲ, ಅದೇ ವಾರ ಪರ್ಮನೆಂಟ್ ಆರ್ಡರು, ದಹಿಸರಿನ ಕೀಲಿಕೈ. ಇದನ್ನು ಮಾತ್ರ ಬಾಯಲ್ಲಿ ಹೇಳಿದ್ದ.

ಡಬ್ಬಿಗಳನ್ನು ಹೊತ್ತು ತಂದ ಮನುಷ್ಯನ ಹೆಸರಿನಲ್ಲೇ ಇದು! ನನಗೆ ಸಿಟ್ಟು ಬಂತು. ಆದರೆ ಆಮೇಲೆ ನಾನು ಆಡಿದ ಮಾತನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಸಹಿ ಮಾಡಿ ಬಿಡ್ರಿ ಭಟ್ರ," ಎಂದೆ. "ವೈನಿ ಬರ್ತಾರ, ಮಗಳು ಇಲ್ಲೇ ಸಾಲಿಗೆ ಹೋಗ್ತಾಳ. ಇಷ್ಟು ದೊಡ್ಡ ಕಡಲಿಗೆ ನಿಮ್ಮ ಒಂದು ಸಹಿ ಏನ ಮಾಡೂದದ?"

ಭಟ್ಟರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ತಪ್ಪು ಲೆಕ್ಕ ಮಾಡಿದ ಮಗುವನ್ನು ನಾನು ನೋಡುತ್ತಿದ್ದ ಹಾಗೆ. "ಈ ಆದಿತ್ಯವಾರ ನಿಮ್ಮ ಮಲಾಡಿಗೆ ಬರ್ತೇನೆ," ಎಂದರು. "ಆ ಬಲೆ ಒಮ್ಮೆ ನೋಡ್ಬೇಕು. ನನ್ನ ಗೋವೆಯವರು ನಾನಿಲ್ಲದಾಗ ಎಲ್ಲಿಯಾದರೂ ಸುರಿದಿದ್ರೆ? ನೋಡದೆ ಇಲ್ಲ ಅನ್ನುದು ಹೇಗೆ?"

ಅಂದರೆ ಅವರು ಮೊದಲು ಸಂಶಯಪಟ್ಟದ್ದು ತಮ್ಮ ಅಡಿಗೆಮನೆಯನ್ನೇ.

ಆದಿತ್ಯವಾರ ಮಲಾಡ್ ಸ್ಟೇಷನ್ನಿನಿಂದ ಬಸ್ಸು ಹಿಡಿದು ಕೋಳಿವಾಡಕ್ಕೆ ಹೋದೆವು. ಒಣಮೀನಿನ ವಾಸನೆಗೆ ನಾನೇ ಮೂಗು ಮುಚ್ಚಿದ್ದೆ. ಭಟ್ಟರು ಹುಟ್ಟಿನಿಂದ ಬೆಳ್ಳುಳ್ಳಿ ಮುಟ್ಟದವರು. ಮರಳಿನ ಮೇಲೆ ಹರಡಿದ್ದ ಬಲೆಯ ಪಕ್ಕ ಒಬ್ಬ ಮುದುಕ ಬೀಡಿ ಸೇದುತ್ತ ಕೂತಿದ್ದ. ಇವರ ಜನಿವಾರ, ಪಂಚೆ ನೋಡಿ, "ಕಾಯ್ ಬಘ್ತಾ ಭಟಜೀ, ಮಾಸಳೀ ನಾಹೀ, ಡಾಂಬರ್ ಆಹೇ" ಎಂದ. ಏನು ನೋಡ್ತೀರಿ, ಮೀನಿಲ್ಲ, ಡಾಂಬರಿದೆ ಎಂದು.

ಭಟ್ಟರು ಮರಳಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬಲೆಯನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡರು. ಒಂದೊಂದೇ ಗಂಟನ್ನು ಬೆರಳಿನಿಂದ ಹಿಚುಕಿ ಮೂಗಿಗೆ ಹಿಡಿದರು. ಅಂಗೈಗೆ ಜಿಡ್ಡು ಬಳಿದುಕೊಂಡು, ಸೊಂಟದ ಪೊಟ್ಟಣ ಬಿಚ್ಚಿ ಕಡಲೆಹಿಟ್ಟು ಹಾಕಿ ತಿಕ್ಕಿದರು, ನೀರು ತರಿಸಿ ತೊಳೆದರು. ಮತ್ತೆ ತಿಕ್ಕಿದರು. ಹಿಟ್ಟು ಮುಗಿಯಿತು, ಅಂಗೈ ಕಪ್ಪಾಗಿಯೇ ಉಳಿಯಿತು. ಮುದುಕ ಬೀಡಿ ಬಿಸಾಡಿ ಹತ್ತಿರ ಬಂದು ಕೂತ.

"ನನ್ನ ಎಣ್ಣೆಯಾದ್ರೆ ಒಂದು ಚಿಟಿಕೆ ಹಿಟ್ಟಿಗೆ ಹೋಗ್ತದೆ," ಎಂದರು ಭಟ್ಟರು ನನಗೆ. "ಇದು ನನ್ನದಲ್ಲ ಮಾಷ್ಟ್ರೆ."

ಆ ಮಾತಿನಲ್ಲಿ ನಿರಾಳ ಇತ್ತು. ಅದರ ಹಿಂದೆಯೇ ಒಂದು ದುಃಖವೂ ಇತ್ತು. ತಮ್ಮ ಎಣ್ಣೆಯೇ ಆಗಿದ್ದರೆ ಸಹಿ ಹಾಕಬಹುದಿತ್ತು, ಹೆಂಡತಿ ಬರಬಹುದಿತ್ತು. ಮುದುಕ ಅಲೆಯ ಮೇಲಿಂದ ಬಳಿದು ಒಂದು ಸೀಸೆಯಲ್ಲಿ ತುಂಬಿಟ್ಟಿದ್ದ ಜಿಡ್ಡನ್ನು ತಂದು ತೋರಿಸಿದ. ಭಟ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ವಿಚಾರಣೆಯ ದಿನ ಇದನ್ನು ಮರೆಯದೆ ತಾ ಎಂದು ಹಿಂದಿಯಲ್ಲಿ ಹೇಳಿದರು. ಬಸ್ಸಿನಲ್ಲಿ ಮರಳುವಾಗ ಕಪ್ಪು ಅಂಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದರು.

ವಿಚಾರಣೆ ಫೋರ್ಟ್ ಭಾಗದ ಒಂದು ಸರಕಾರಿ ಕಚೇರಿಯ ಎರಡನೆಯ ಮಾಳಿಗೆಯಲ್ಲಿ. ಮೇ ತಿಂಗಳು. ಮೇಜಿನಾಚೆ ಮೂವರು ಅಧಿಕಾರಿಗಳು, ಈಚೆ ಕಂಪೆನಿಯ ಮನುಷ್ಯ, ಕೋಳಿವಾಡದ ಮುದುಕ, ಮಾಲೀಕರ ಕೋಟು ತೊಟ್ಟ ಭಟ್ಟರು, ಇಂಗ್ಲಿಷಿಗೆಂದು ರಜೆ ಹಾಕಿ ಹೋದ ನಾನು. ಗುಮಾಸ್ತ ಹೆಸರು ಕೂಗಿದಾಗಲೇ ಭಟ್ಟರಿಗೆ ಒಂದು ಹೆಸರಿದೆಯೆಂದು ನನಗೆ ತಿಳಿದದ್ದು. ಅದನ್ನು ಇಲ್ಲಿ ಬರೆಯಲಾರೆ. ಹೆಸರು ಕೇಳಿ ಅವರೇ ನಾಚಿಕೊಂಡಂತೆ ಎದ್ದು ನಿಂತಿದ್ದರು.

ಕಂಪೆನಿಯವನು ಕಾಗದವನ್ನು ಮುಂದೆ ಸರಿಸಿ, ಪೆನ್ನು ತೆರೆದು ಕೊಟ್ಟ. ಭಟ್ಟರು ಪೆನ್ನು ತೆಗೆದುಕೊಳ್ಳಲಿಲ್ಲ. ತಮ್ಮ ಕೈಚೀಲದಿಂದ ಎರಡು ಮಣ್ಣಿನ ಹಣತೆ, ಹತ್ತಿಯ ಬತ್ತಿ, ಬೆಂಕಿಪೊಟ್ಟಣ, ಸಣ್ಣದೊಂದು ಡಬ್ಬಿ, ಒಂದು ಚಮಚ ತೆಗೆದು ಸಾಲಾಗಿ ಇಟ್ಟರು. ಆಮೇಲೆ ಮೇಲೆ ನೋಡಿ, "ಸಾಬ್, ಪಂಖಾ ಬಂದ್ ಕರೋ" ಎಂದರು.

ಆ ಸೆಕೆಯಲ್ಲಿ ಫ್ಯಾನ್ ಆರಿಸಬೇಕಂತೆ! ನಾನು ಕಣ್ಣು ಮುಚ್ಚಿದೆ. ನಡುವೆ ಕೂತಿದ್ದ ಹಿರಿಯ ಅಧಿಕಾರಿ ಮಾತ್ರ ಜವಾನನಿಗೆ ಕೈಸನ್ನೆ ಮಾಡಿದರು. ಫ್ಯಾನ್ ನಿಂತಿತು. ಭಟ್ಟರು ಮೇಜಿನ ಮೇಲಿದ್ದ ಎರಡು ಬಿಳಿ ಹಾಳೆ ಕೇಳಿ ಪಡೆದರು. ಒಂದು ಹಣತೆಗೆ ತಮ್ಮ ಡಬ್ಬಿಯ ಕರಿದ ಎಣ್ಣೆ ಹಾಕಿದರು. ಮುದುಕನ ಸೀಸೆಯಿಂದ, ನೀರು ಬಿಟ್ಟು ಮೇಲಿನ ಜಿಡ್ಡನ್ನಷ್ಟೇ, ಮಜ್ಜಿಗೆಯಿಂದ ಬೆಣ್ಣೆ ತೆಗೆಯುವ ನಾಜೂಕಿನಲ್ಲಿ ಚಮಚದಿಂದ ಎತ್ತಿ ಇನ್ನೊಂದು ಹಣತೆಗೆ ಹಾಕಿದರು. ಎರಡನ್ನೂ ಹಚ್ಚಿದರು.

ಮೊದಲನೆಯದು ದೇವರ ಮುಂದಿನ ದೀಪದಂತೆ ಸುಮ್ಮನೆ ನಿಂತು ಉರಿಯಿತು. ಎರಡನೆಯದು ಚಟಪಟ ಸಿಡಿಯಿತು, ಆರುವಂತಾಗಿ ಮತ್ತೆ ಹಿಡಿಯಿತು, ಆಮೇಲೆ ಅದರ ತಲೆಯಿಂದ ಕಪ್ಪು ಹೊಗೆ ಒಂದು ಎಳೆಯಾಗಿ ಮೇಲೆದ್ದಿತು. ಭಟ್ಟರು ಒಂದೊಂದು ಕೈಯಲ್ಲಿ ಒಂದೊಂದು ಹಾಳೆ ಹಿಡಿದು ದೀಪಗಳ ಮೇಲೆ ಚಾಚಿ ನಿಂತರು. ಒಂದು ದೋಸೆ ಬೇಯುವಷ್ಟು ಹೊತ್ತು. ಎಲ್ಲರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಹಾಳೆಗಳನ್ನು ಮಗುಚಿ ಮೇಜಿನ ಮೇಲೆ ಇಟ್ಟಾಗ ಒಂದರ ಮೇಲೆ ತಿಳಿಹಳದಿ ಕಲೆ, ಇನ್ನೊಂದರ ಮೇಲೆ ಅಂಗೈಯಗಲ ಮಸಿ.

"ಯೇ ಮೇರಾ ತೇಲ್. ವೋ ಮೇರಾ ನಹೀ," ಎಂದರು ಭಟ್ಟರು. ಇದು ನನ್ನ ಎಣ್ಣೆ, ಅದು ನನ್ನದಲ್ಲ ಎಂದು.

ಹಿರಿಯ ಅಧಿಕಾರಿ ಮೆಲ್ಲಗೆ ಇಂಗ್ಲಿಷಿನಲ್ಲಿ, ಇದನ್ನೆಲ್ಲ ಪ್ರಯೋಗಾಲಯ ಹೇಳುತ್ತದೆ, ನೀವೇಕೆ ಇಷ್ಟು ಕಷ್ಟಪಟ್ಟಿರಿ ಎಂದು ಕೇಳಿದರು. ನಾನು ಕನ್ನಡದಲ್ಲಿ ತಿಳಿಸಿದೆ.

"ಲ್ಯಾಬು ಹೇಳ್ಲಿ, ಸಂತೋಷ," ಎಂದರು ಭಟ್ಟರು. "ಆದ್ರೆ ಸಹಿ ಇವತ್ತೇ ಕೇಳ್ತಿದ್ದಾರಲ್ಲ?"

ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಎದುರಿಗೆ ನಿಂತಿದ್ದು ಎರಡು ಮಣ್ಣಿನ ಹಣತೆಯ ಸಣ್ಣ ಮನುಷ್ಯ. ಅವರ ಮುಂದೆ ನಾನು ಎಷ್ಟು ಚಿಕ್ಕವನಾದೆನೆಂದು ಯಾವ ಭಾಷೆಯಲ್ಲೂ ಹೇಳಲಾರೆ.

ಆ ಹೇಳಿಕೆಯ ಕಾಗದ ಕಡತ ಸೇರಲಿಲ್ಲ. ಎಣ್ಣೆ ಪರೀಕ್ಷೆಯ ಬೆಂಕಿಯಿಂದಲೇ ಬಿದ್ದದ್ದೆಂದು ಬರೆದುಕೊಂಡರು. ಬಲೆಗಳಿಗೆ ಪರಿಹಾರ ಬಂತು. ತಡವಾಗಿ ಬಂತು, ಎಲ್ಲರಿಗೂ ಬರಲಿಲ್ಲ. ಭಟ್ಟರಿಗೆ ಹಡಗಿನ ಕರೆ ಮತ್ತೆ ಬರಲೇ ಇಲ್ಲ. ಅವರು ಹೊಟೇಲಿನ ಅಟ್ಟಕ್ಕೆ ಮರಳಿ, ಮರುದಿನ ಒಲೆಗೆ ಮೂರು ಕಾಳು ಅಕ್ಕಿ ಹಾಕಿದರು. ನನಗೆ ಮಸಿಯ ಹಾಳೆ ಕೊಟ್ಟು, "ಮಕ್ಕಳಿಗೆ ತೋರಿಸಿ" ಎಂದರು. ಇನ್ನೊಂದನ್ನು ತಾವು ಇಟ್ಟುಕೊಂಡರು. ಊರಿಗೆ ಏನೆಂದು ಬರೆದಿರಿ ಎಂದು ಕೇಳಿದ್ದಕ್ಕೆ, "ಮನೆ ಸಿಗಲಿಲ್ಲ ಅಂತ ಬರೆದೆ, ಮತ್ತೆಂತ? ಪೂರ್ತಿ ಬರೆದ್ರೆ ದೊಡ್ಡಸ್ತಿಕೆ ಆಗ್ತದೆ" ಎಂದರು.

ಆ ವರ್ಷ ನಾರಳಿ ಪೂರ್ಣಿಮೆಯಂದು, ಕೋಳಿ ಜನ ಕಡಲಿಗೆ ತೆಂಗಿನಕಾಯಿ ಒಪ್ಪಿಸಿ ದೋಣಿ ಇಳಿಸುವ ದಿನ, ಆ ಮುದುಕ ಮಲಾಡಿನಿಂದ ಬೈಕುಲ್ಲಾಕ್ಕೆ ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ಒಂದು ಕಾಯಿ ಇಟ್ಟು ಹೋದ. ಕಡಲಿಗೊಂದು, ಭಟಜಿಗೊಂದು ಎಂದನಂತೆ. ಭಟ್ಟರು ಅದನ್ನು ತುರಿದು ಕಾಯಿ ಬರ್ಫಿ ಮಾಡಿ ಅರ್ಧ ಕೋಳಿವಾಡಕ್ಕೆ ಕಳಿಸಿದರು. ಒಯ್ದು ಕೊಟ್ಟವನು ನಾನೇ.

ಮುಂದೆ ಎರಡು ಮೂರು ವರ್ಷಕ್ಕೆ ಒಂದು ವಿಜ್ಞಾನ ಪತ್ರಿಕೆಯಲ್ಲಿ ನಾನು ಓದಿದೆ: ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಹುಟ್ಟುವ ಇಂಗಾಲದ ಡೈಆಕ್ಸೈಡು ಮಸಿಯಂತೆ ಕಣ್ಣಿಗೆ ಕಾಣದು, ಆದರೆ ಗಾಳಿಯಲ್ಲಿ ಕೂಡುತ್ತ ಹೋಗುತ್ತದೆ, ನೆಲದ ಕಾವು ಹೊರಗೆ ಹೋಗದಂತೆ ಹಿಡಿಯುತ್ತದೆ, ಹೀಗೇ ಸುಟ್ಟರೆ ಭೂಮಿ ಬಿಸಿಯಾದೀತು ಎಂದು ಕೆಲವು ವಿಜ್ಞಾನಿಗಳು ಹೇಳುತ್ತಿದ್ದಾರೆ ಎಂದು. ಪತ್ರಿಕೆ ಹಿಡಿದು ಓಡಿಹೋಗಿ ಭಟ್ಟರಿಗೆ ಹೇಳಿದೆ.

ಅವರು ಸಾಂಬಾರಿನ ಹಂಡೆಯ ಮುಚ್ಚಳ ಎತ್ತಿ, ಇಣುಕಿ, ಮತ್ತೆ ಮುಚ್ಚಿದರು. "ಹಾಗಾದ್ರೆ ಮಾಡು ಉಂಟು ಅಂತಾಯ್ತು," ಎಂದರು. "ನಮ್ಮೆಲ್ಲರ ಮೇಲೆ." ಆಮೇಲೆ ತುಂಬ ಹೊತ್ತು ಒಲೆಯನ್ನೇ ನೋಡುತ್ತಿದ್ದರು. ತಮ್ಮ ಒಲೆಯೂ ಅದರಲ್ಲಿ ಸೇರಿದೆಯೆಂದು ಅವರಿಗೆ ಹೇಳಬೇಕಾಗಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಂಡಿನೋವು ಹೆಚ್ಚಾಗಿ ಭಟ್ಟರು ಊರಿಗೆ ಹೋದರು. ಅವರ ಹೆಂಡತಿ ಮುಂಬಯಿಯನ್ನು ನೋಡಲೇ ಇಲ್ಲ. ನಾನು ನಿವೃತ್ತನಾಗುವವರೆಗೂ ಪ್ರತಿ ವರ್ಷ ಒಂದು ದಿನ ಮಸಿಯ ಹಾಳೆಯನ್ನು ತರಗತಿಗೆ ಒಯ್ದು, ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳನ್ನು ಕೇಳಿದ್ದೇನೆ. ಮಾಯವಾಗುತ್ತದೆ ಎಂದವರನ್ನು ಕರೆದು ಬೆರಳಿಂದ ಮುಟ್ಟಿಸಿದ್ದೇನೆ.

ಈಗ ಮಗಳ ಪತ್ರ. ಅಪ್ಪನ ಟ್ರಂಕಿನ ತಳದಲ್ಲಿ, ರೇಷ್ಮೆ ಪಂಚೆಯ ಮಡಿಕೆಯೊಳಗೆ ಒಂದು ಹಾಳೆ ಸಿಕ್ಕಿದೆ, ಅದರಲ್ಲಿ ಏನೂ ಬರೆದಿಲ್ಲ, ನಡುವೆ ಹಳದಿ ಕಲೆಯೊಂದಿದೆ, ಇಷ್ಟು ಜೋಪಾನವಾಗಿ ಯಾಕೆ ಇಟ್ಟಿದ್ದರೋ ತಿಳಿಯದು ಎಂದು ಬರೆದಿದ್ದಾಳೆ. ಕೊನೆಗೆ ಈ ಸಾಲು: "ಬೊಂಬಾಯಿಯಲ್ಲಿ ಒಂದು ಮನೆ ಆಗುತ್ತದೆ ಅಂತ ಅಪ್ಪ ಹಿಂದೆ ಬರೆದಿದ್ದರಂತೆ. ಇದು ಆ ಮನೆಯ ಕಾಗದವಾ ಕೇಳು ಅಂತ ಅಮ್ಮ ಹೇಳುತ್ತಿದ್ದಾರೆ."

ನನ್ನಲ್ಲಿದ್ದ ಮಸಿಯ ಹಾಳೆಯನ್ನು, ಮಸಿ ಉದುರದಂತೆ ಮೇಲೊಂದು ತೆಳು ಕಾಗದ ಇಟ್ಟು, ಈ ಬರಹದ ಜೊತೆ ಲಕೋಟೆಗೆ ಹಾಕಿದ್ದೇನೆ. ಎರಡೂ ಒಂದೇ ಕಡೆ ಇರಲಿ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಮ್ಮಾ. ಓದುವ ಮೊದಲು, ಹೌದು ಎಂದು ಹೇಳು. ಅದು ಆ ಮನೆಯ ಕಾಗದವೇ.